ಮಗು ಕಲಿಯುವ ಮೊದಲೇ ಮನೆ ಸಜ್ಜಾಗಬೇಕು

ಮಾನ್ಯ ಸಂಪಾದಕರೇ,

ಪುಟ್ಟ ಮಗುವೊಂದು ಮನೆಯೊಳಗೇ ಸುಟ್ಟುಕೊಂಡರೆ, ಬಿದ್ದರೆ, ಬಕೆಟ್ಟಿನ ನೀರಿಗೆ ತಲೆಕೆಳಗಾದರೆ ಹೆತ್ತವರಿಗೆ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ‘ಮಗುವಿನ ಮೇಲೆ ಕಣ್ಣಿಟ್ಟಿರಬೇಕಿತ್ತು.’ ಪೋಷಕರಿಗೆ ಮಕ್ಕಳ ಸುರಕ್ಷತೆಯ ತರಬೇತಿ ಕೊಡುವ ಕೆಲಸದಲ್ಲಿರುವ ನಮಗೆ ಈ ಮಾತಿನ ಮೇಲೆ ನಂಬಿಕೆ ಕಡಿಮೆ. ಕಣ್ಣಿಡುವುದು ಬೇಡವೆಂದಲ್ಲ. ಎಚ್ಚರವಿರುವ ಅಷ್ಟೂ ಹೊತ್ತು ರೆಪ್ಪೆ ಮುಚ್ಚದೆ ನೋಡಿಕೊಳ್ಳುವುದು ಯಾವ ತಾಯಿಯಿಂದಲೂ, ಯಾವ ತಂದೆಯಿಂದಲೂ ಆಗದ ಕೆಲಸ. ಫೋನ್ ಬರುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಇನ್ನೊಂದು ಮಗು ಅಳುತ್ತದೆ. ಅಷ್ಟರಲ್ಲಿ ಆಗಬಾರದ್ದು ಆಗದಂತೆ ಮನೆಯನ್ನೇ ಬದಲಿಸಿಟ್ಟಿರಬೇಕು. ಪೋಷಕರಿಗೆ ಕಲಿಸಬೇಕಾದ್ದು ಅದನ್ನು, ಅಳತೆ ಸಮೇತ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ಮಕ್ಕಳ ಗಾಯಗಳ ಕುರಿತ ವರದಿ, ರಸ್ತೆ ಅಪಘಾತ, ನೀರು, ಬೆಂಕಿ, ಬೀಳುವಿಕೆ, ವಿಷ ಎಲ್ಲ ಸೇರಿ ಜಗತ್ತಿನಲ್ಲಿ ದಿನಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಸಾಯುತ್ತಾರೆಂದು ಹೇಳಿತು. ಆಗಲೇ ಗೊತ್ತಿದ್ದ ಉಪಾಯಗಳನ್ನು ಎಲ್ಲೆಡೆ ಅಳವಡಿಸಿದರೆ ಅವರಲ್ಲಿ ಕನಿಷ್ಠ 1,000 ಮಕ್ಕಳನ್ನು ದಿನವೂ ಉಳಿಸಬಹುದೆಂದೂ ಅದೇ ವರದಿಯಲ್ಲಿದೆ. ನ್ಯೂಯಾರ್ಕ್ ನಗರದ ಉದಾಹರಣೆ ನೋಡಿ. ಎತ್ತರದ ಕಟ್ಟಡಗಳ ಕಿಟಕಿಗಳಿಂದ ಮಕ್ಕಳು ಬೀಳುವುದನ್ನು ತಡೆಯಲು ಅಲ್ಲಿ 1972ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಪೋಷಕರಿಗೆ ತಿಳಿಹೇಳುವುದರ ಜೊತೆಗೆ ಕಿಟಕಿಗೆ ಹಾಕುವ ಸರಳುಗಳನ್ನೂ ಉಚಿತವಾಗಿ ಕೊಟ್ಟರು. 1976ರಲ್ಲಿ ಅದು ಕಾನೂನೇ ಆಯಿತು, ಬೀಳುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಬರೀ ಬೋಧನೆ ಮಾಡಿದ್ದರೆ ಇಷ್ಟು ಫಲ ಸಿಗುತ್ತಿರಲಿಲ್ಲ.

ತರಬೇತಿಯಲ್ಲಿ ಮೊದಲು ಕೂರಿಸಬೇಕಾದ ವಿಚಾರ ವಯಸ್ಸಿನದು. ಮಗು ಹೊಸದೊಂದನ್ನು ಕಲಿಯುವ ದಿನ ಮೊದಲೇ ಹೇಳಿ ಬರುವುದಿಲ್ಲ. ನಾಲ್ಕೈದು ತಿಂಗಳಲ್ಲಿ ಮಗುಚಿಕೊಳ್ಳುತ್ತದೆ. ಮಂಚದ ಮೇಲೆ ನಿನ್ನೆಯವರೆಗೂ ಬಿಟ್ಟಲ್ಲೇ ಇದ್ದ ಕೂಸು ಇವತ್ತು ಅಂಚಿನಿಂದ ಬೀಳುವುದು ಹೀಗೆ. ಒಂಬತ್ತು ತಿಂಗಳ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಮಣಿಯನ್ನು ಹೆಕ್ಕಿ ಬಾಯಿಗಿಡುತ್ತದೆ. ವರ್ಷದ ಆಸುಪಾಸಿನಲ್ಲಿ ಹಿಡಿದು ನಿಲ್ಲುತ್ತದೆ, ಮೇಜುಬಟ್ಟೆಯ ತುದಿ ಎಳೆಯುತ್ತದೆ. ಒಂದೂವರೆ ವರ್ಷಕ್ಕೆ ಕುರ್ಚಿ ಹತ್ತುತ್ತದೆ, ಎರಡಾದರೆ ಆ ಕುರ್ಚಿಯನ್ನೇ ತಳ್ಳಿಕೊಂಡು ಕಪಾಟಿನ ಬಳಿ ಒಯ್ಯುತ್ತದೆ. ಆದ್ದರಿಂದ ಮಗು ಈಗ ಏನು ಮಾಡುತ್ತಿದೆ ಎಂಬುದಕ್ಕಲ್ಲ, ಇನ್ನು ಮೂರು ತಿಂಗಳಿಗೆ ಏನು ಮಾಡಲಿದೆ ಎಂಬುದಕ್ಕೆ ಮನೆ ಸಿದ್ಧವಾಗಬೇಕು. ಲಸಿಕೆಗೆ ಬಂದಾಗಲೆಲ್ಲ ಮುಂದಿನ ಹಂತದ ಎರಡೇ ಎರಡು ಅಪಾಯಗಳನ್ನು ಹೇಳಿ ಕಳಿಸಿದರೆ ಸಾಕು. ಹತ್ತು ಹೇಳಿದರೆ ಒಂದೂ ನೆನಪಿರುವುದಿಲ್ಲ.

ಸುಡುವುದರ ವಿಷಯಕ್ಕೆ ಬಂದರೆ, ಎಳೆಯ ಮಕ್ಕಳಲ್ಲಿ ಬೆಂಕಿಗಿಂತ ಬಿಸಿ ನೀರು, ಚಹಾ, ಸಾರಿನಂಥ ದ್ರವಗಳಿಂದ ಆಗುವ ಗಾಯವೇ ಹೆಚ್ಚು. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ಚರ್ಮ ತೆಳು, ಅದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. 49 ಡಿಗ್ರಿಯಲ್ಲಿ ಅಷ್ಟೇ ಗಾಯವಾಗಲು ನಿಮಿಷಗಳೇ ಬೇಕು, ಅಂದರೆ ಮಗುವನ್ನು ಪಕ್ಕಕ್ಕೆ ಎಳೆಯಲು ಸಮಯ ಸಿಗುತ್ತದೆ. ಗೀಸರಿನ ಉಷ್ಣತೆಯ ಗುಂಡಿಯನ್ನು ಒಮ್ಮೆ ತಿರುಗಿಸಿ 50ರ ಕೆಳಗೆ ನಿಲ್ಲಿಸಿದರೆ ಆ ಒಂದು ನಿಮಿಷದ ಕೆಲಸ ವರ್ಷಗಟ್ಟಲೆ ಕಾಯುತ್ತದೆ. ಸ್ನಾನಕ್ಕೆ ನೀರು ಬೆರೆಸುವಾಗ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಈ ಕ್ರಮ ತಪ್ಪಿದರೆ, ಬರೀ ಬಿಸಿನೀರಿರುವ ಬಕೆಟ್ಟನ್ನು ಬಿಟ್ಟು ತಣ್ಣೀರು ತರಲು ಹೋದ ಹೊತ್ತಿನಲ್ಲೇ ಮಗು ಕೈ ಅದ್ದುತ್ತದೆ. ಕಲಕಿ, ಮೊಣಕೈಯಿಂದ ಮುಟ್ಟಿ ನೋಡಬೇಕು. ಅಂಗೈ ಬಿಸಿಗೆ ಒಗ್ಗಿಹೋಗಿರುವುದರಿಂದ ಅದರ ಅಂದಾಜು ನಂಬಲಾಗದು. ನೀರು 37-38 ಡಿಗ್ರಿ ಇದ್ದರೆ ಸರಿ.

ಒಲೆಯ ಮೇಲಿನ ಪಾತ್ರೆಯ ಹಿಡಿ ಒಳಮುಖವಾಗಿರಲಿ, ಕುದಿಯುವುದು ಹಿಂದಿನ ಒಲೆಯಲ್ಲಿರಲಿ. ಚಹಾದ ಲೋಟ ಹಿಡಿದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬಾರದು. ಮಾಡಿ ಹದಿನೈದು ನಿಮಿಷವಾದ ಚಹಾ ಕೂಡ ಮಗುವನ್ನು ಸುಡಬಲ್ಲದು ಎಂದರೆ ಅನೇಕರಿಗೆ ಅಚ್ಚರಿ. ವಿದ್ಯುತ್ ಕೆಟಲ್‌ನ ವೈರು ಕಟ್ಟೆಯಿಂದ ಕೆಳಗೆ ಜೋತಾಡುತ್ತಿದ್ದರೆ ಅಂಬೆಗಾಲಿಡುವ ಮಗು ಎಳೆಯುವುದು ಅದನ್ನೇ, ಮತ್ತು ನೀರು ಸುರಿಯುವುದು ಮುಖ, ಎದೆ, ತೋಳಿನ ಮೇಲೆ.

ಸುಟ್ಟ ಮೇಲೆ ಏನು ಮಾಡಬೇಕೆಂಬುದು ತಡೆಯುವಷ್ಟೇ ಮುಖ್ಯ, ಅಲ್ಲಿ ಆಗುವ ತಪ್ಪುಗಳೂ ಹೆಚ್ಚು. ಹರಿಯುವ ತಣ್ಣೀರಿನಡಿ ಪೂರಾ 20 ನಿಮಿಷ. ಗಡಿಯಾರ ನೋಡಿಯೇ ಹಿಡಿಯಬೇಕು. ಅಂದಾಜಿಗೆ ಬಿಟ್ಟರೆ ಎರಡು ನಿಮಿಷವೇ ಇಪ್ಪತ್ತರಂತೆ ಅನಿಸುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನವಿದೆ, ಬೇಗ ಮಾಡಿದಷ್ಟೂ ಒಳ್ಳೆಯದು. ಒದ್ದೆ ಬಟ್ಟೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ತಕ್ಷಣ ತೆಗೆಯಬೇಕು, ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬಾರದು. ಬಳೆ, ಉಂಗುರ ಊತ ಬರುವ ಮೊದಲೇ ತೆಗೆಯಿರಿ. ಗಾಯಕ್ಕೆ ನೀರು ಬಿಡುವಾಗ ಉಳಿದ ಮೈಯನ್ನು ಬೆಚ್ಚಗೆ ಸುತ್ತಿರಬೇಕು, ಎಳೆಗೂಸಿನ ಮೈ ಬಹುಬೇಗ ತಣ್ಣಗಾಗುತ್ತದೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ, ಶಾಯಿ ಯಾವುದೂ ಬೇಡ. ಮಂಜುಗಡ್ಡೆ ರಕ್ತನಾಳಗಳನ್ನು ಬಿಗಿಗೊಳಿಸಿ ಗಾಯವನ್ನು ಇನ್ನೂ ಆಳ ಮಾಡುತ್ತದೆ. ಮಿಕ್ಕವು ಬಿಸಿಯನ್ನು ಒಳಗೇ ಉಳಿಸುತ್ತವೆ, ವೈದ್ಯರು ಗಾಯ ನೋಡಬೇಕಾದರೆ ಅವನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಬೊಬ್ಬೆ ಒಡೆಯಬೇಡಿ. ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ ಅಥವಾ ಗಾಯ ಮಗುವಿನದೇ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೇ ಹೋಗಬೇಕು.

ನೀರಿನ ಅಪಾಯವನ್ನು ಪೋಷಕರು ಕೆರೆ, ಬಾವಿ, ಹೊಳೆಗೆ ಜೋಡಿಸಿ ಯೋಚಿಸುತ್ತಾರೆ. ಐದು ಸೆಂಟಿಮೀಟರ್ ನೀರಿನಲ್ಲೂ ಎಳೆಯ ಮಗು ಮುಳುಗಬಹುದು. ಮೂಗು ಬಾಯಿ ಮುಚ್ಚುವಷ್ಟಿದ್ದರೆ ಸಾಕು. ಆ ವಯಸ್ಸಿನಲ್ಲಿ ತಲೆಯ ಭಾರ ದೇಹಕ್ಕೆ ಹೋಲಿಸಿದರೆ ಹೆಚ್ಚು. ಬಕೆಟ್ಟಿನೊಳಗೆ ಬಗ್ಗಿದ ಮಗು ಆಯ ತಪ್ಪಿ ತಲೆಕೆಳಗಾದರೆ, ತನ್ನನ್ನು ತಾನೇ ಹಿಂದಕ್ಕೆ ಎತ್ತಿಕೊಳ್ಳುವ ತೋಳ್ಬಲ ಅದಕ್ಕಿಲ್ಲ. ನೀರು ತುಂಬಿದ ಬಕೆಟ್ ಉರುಳಿ ಬೀಳುವುದೂ ಇಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಮುಳುಗುವ ಮಗು ಕಿರುಚುವುದಿಲ್ಲ. ಉಸಿರೇ ಇಲ್ಲದಾಗ ಕೂಗು ಎಲ್ಲಿಂದ ಬರಬೇಕು? ‘ಸದ್ದು ಕೇಳಿದರೆ ಓಡಿ ಹೋಗುತ್ತೇನೆ’ ಎಂಬ ಭರವಸೆಯನ್ನು ತರಬೇತಿಯಲ್ಲಿ ಮೊದಲು ಅಳಿಸಬೇಕಾದ್ದು ಇದಕ್ಕೇ.

ಬಳಸಿದ ಕೂಡಲೇ ಬಕೆಟ್ ಬರಿದುಮಾಡಿ ಬೋರಲು ಹಾಕಬೇಕು. ನೀರು ಸಂಗ್ರಹಿಸಲೇಬೇಕಾದ ಮನೆಗಳಲ್ಲಿ ಡ್ರಮ್ಮಿಗೆ, ತೊಟ್ಟಿಗೆ ಮಗುವಿನಿಂದ ಸರಿಸಲಾಗದ, ಮೇಲೆ ಹತ್ತಿದರೂ ಕುಸಿಯದ ಮುಚ್ಚಳ ಬೇಕು. ಮೇಲೊಂದು ತೆಳು ತಗಡೋ ಹಲಗೆಯೋ ಇಟ್ಟರೆ ಅದು ಸರಿದು ಮಗುವಿನ ಜೊತೆಗೇ ಒಳಗೆ ಬೀಳುತ್ತದೆ. ಸ್ನಾನದ ಮನೆಯ ಬಾಗಿಲಿಗೆ ಹೊರಗಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಚಿಲಕ ಇರಲಿ. ಅಂಗಳದಲ್ಲಿ ಕೊಳವೋ ತೊಟ್ಟಿಯೋ ಇದ್ದರೆ ನಾಲ್ಕೂ ಬದಿಗೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳುವ ಗೇಟು. ಮೂರು ಬದಿಗೆ ಬೇಲಿ ಹಾಕಿ ನಾಲ್ಕನೆಯದಕ್ಕೆ ಮನೆಯ ಗೋಡೆಯನ್ನೇ ನೆಚ್ಚಿಕೊಂಡರೆ ಬಾಗಿಲು ತೆರೆದ ಮಗು ನೇರ ನೀರಿನ ಬಳಿಗೇ ಬರುತ್ತದೆ. ಸ್ನಾನ ಮಾಡಿಸುವಾಗ ಕೈಚಾಚಿದರೆ ಸಿಗುವಷ್ಟು ಹತ್ತಿರವಿರಬೇಕು. ಟವೆಲ್ ಮರೆತಿದ್ದರೆ ಮಗುವನ್ನು ಎತ್ತಿಕೊಂಡೇ ಹೋಗಿ ತನ್ನಿ. ದೊಡ್ಡ ಮಗುವನ್ನು ಕಾವಲಿಗೆ ಬಿಡುವುದು ಕಾವಲಲ್ಲ.

ನೀರಿನಿಂದ ಎತ್ತಿದ ಮಗುವನ್ನು ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಹೊರಡಿಸುವುದು ಇಂದಿಗೂ ಹಲವು ಕಡೆ ನಡೆಯುತ್ತದೆ. ಹೋದ ಪ್ರತಿ ಸೆಕೆಂಡೂ ಉಸಿರಿನ ಸೆಕೆಂಡು. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು, ನಂತರ ಎದೆ ಒತ್ತುವುದು ಶುರುಮಾಡಬೇಕು. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು.

ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳ ಪಟ್ಟಿಗೆ ಕೊನೆಯಿಲ್ಲ, ಅದಕ್ಕೇ ಅಳತೆಯೊಂದನ್ನು ಕಲಿಸುವುದು ಒಳ್ಳೆಯದು. ಆಟಿಕೆಗಳ ಪರೀಕ್ಷೆಗೆ ಬಳಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನ ಮಗುವಿಗೆ ಸಲ್ಲದು. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇದಕ್ಕಿಂತ ತುಸು ಅಗಲ, ಮನೆಯಲ್ಲಿ ಅದನ್ನೇ ಅಳತೆಗೋಲು ಮಾಡಿಕೊಂಡರೆ ಸುರಕ್ಷತೆ ಇನ್ನೂ ಹೆಚ್ಚು. ಇಡೀ ಕಡಲೆಕಾಯಿ ಬೀಜ, ಬಾದಾಮಿಗಳಂಥವು ಐದು ವರ್ಷದವರೆಗೆ ಬೇಡ. ಕಚ್ಚುವ ಹಲ್ಲು ಬಂದಿದ್ದರೂ ಅರೆಯುವ ಹಲ್ಲು, ಅಗಿದು ನುಂಗುವ ಹದ ತಡವಾಗಿ ಬರುತ್ತವೆ. ದ್ರಾಕ್ಷಿಯನ್ನು ಅಡ್ಡಕ್ಕಲ್ಲ, ಉದ್ದಕ್ಕೆ ನಾಲ್ಕು ಸೀಳಬೇಕು. ಅಡ್ಡ ಕೊಯ್ದ ದುಂಡು ತುಂಡು ಶ್ವಾಸನಾಳಕ್ಕೆ ಬಿರಡೆಯಂತೆ ಕೂರುತ್ತದೆ. ಒಡೆದ ಬಲೂನಿನ ಚೂರು ಎಲ್ಲಕ್ಕಿಂತ ಕೆಟ್ಟದ್ದು, ಗಂಟಲಿನ ಆಕಾರಕ್ಕೇ ಅಂಟಿಕೊಳ್ಳುವ ಅದನ್ನು ಕೆಮ್ಮಿ ಹೊರಹಾಕುವುದು ಕಷ್ಟ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದಿಲ್ಲದ ಕೆಮ್ಮು, ಅಳು ಹೊರಡದಿರುವುದು, ತುಟಿ ನೀಲಿಯಾಗುವುದು ಕಂಡರೆ ತಡಮಾಡಬಾರದು. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿರುವಂತೆ ದವಡೆಗೆ ಆಸರೆ ಕೊಟ್ಟು, ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯದಲ್ಲಿ ಐದು ಬಾರಿ ಒತ್ತುವುದು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಪೆಟ್ಟು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಗೂ ಮೇಲಕ್ಕೂ ಐದು ಬಾರಿ ಒತ್ತುವುದು. ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು, ಯಕೃತ್ತಿಗೆ ಪೆಟ್ಟಾದೀತು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಕೆಳಗಿಳಿಯುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಸಹಾಯಕ್ಕೆ ಕರೆ ಮಾಡಿಸಿ, ಎದೆ ಒತ್ತುವುದು ಮತ್ತು ಉಸಿರು ಕೊಡುವುದನ್ನು ಆರಂಭಿಸಬೇಕು.

ನಾಣ್ಯದಂಥ ಪುಟ್ಟ ಬಿಲ್ಲೆಯಾದ ಬಟನ್ ಬ್ಯಾಟರಿಯ ಬಗ್ಗೆ ಪೋಷಕರಲ್ಲಿ ತಿಳಿವಳಿಕೆ ತೀರಾ ಕಡಿಮೆ, ಹಾಗಾಗಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇವೆ. ರಿಮೋಟ್, ಕಾರಿನ ಕೀಲಿ, ಅಡುಗೆಮನೆಯ ತಕ್ಕಡಿ, ಥರ್ಮಾಮೀಟರ್, ಹಾಡುವ ಶುಭಾಶಯ ಪತ್ರ, ಮಿನುಗುವ ಆಟಿಕೆ, ಹೀಗೆ ಎಲ್ಲೆಲ್ಲೂ ಅದಿದೆ. 20 ಮಿಲಿಮೀಟರ್ ಅಗಲದ ಲಿಥಿಯಂ ಬಿಲ್ಲೆ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರ. ಒಳಗಿನ ರಾಸಾಯನಿಕ ಸೋರಿ ಸುಡುತ್ತದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಆಗುವುದೇನೆಂದರೆ, ಒದ್ದೆಯಾದ ಅಂಗಾಂಶದ ಮೂಲಕ ವಿದ್ಯುತ್ ಹರಿದು, ಬಿಲ್ಲೆಯ ಋಣ ತುದಿಯ ಬಳಿ ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಯಲ್ಲೇ ಅನ್ನನಾಳ ಆಳವಾಗಿ ಸುಡಬಹುದು, ಬ್ಯಾಟರಿ ತೆಗೆದ ಮೇಲೂ ಆ ಗಾಯ ದಿನಗಟ್ಟಲೆ ಮುಂದುವರಿದು ಪಕ್ಕದ ದೊಡ್ಡ ರಕ್ತನಾಳವನ್ನು ತಲುಪಬಹುದು. ಉಪಕರಣ ನಡೆಸಲಾಗದಷ್ಟು ಬತ್ತಿದ ಬ್ಯಾಟರಿಯಲ್ಲೂ ಇದಕ್ಕೆ ಸಾಕಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ನುಂಗಿದ್ದನ್ನು ಯಾರೂ ನೋಡಿರದಿದ್ದರೆ ಲಕ್ಷಣಗಳು ದಾರಿತಪ್ಪಿಸುತ್ತವೆ: ಜೊಲ್ಲು, ಕೆಮ್ಮು, ವಾಂತಿ, ಊಟ ಬೇಡವೆನ್ನುವುದು. ನೆಗಡಿಯೆಂದು ಎರಡು ದಿನ ಕಳೆದುಹೋಗುತ್ತದೆ. ಮನೆಯಲ್ಲೊಂದು ಬ್ಯಾಟರಿ ಕಾಣೆಯಾಗಿದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ, ಎಕ್ಸ್‌ರೇ ಕೇಳಿ. ನಾಣ್ಯದಂತೆ ಕಾಣುವ ಬಿಲ್ಲೆಯ ಅಂಚಿನಲ್ಲಿ ಜೋಡಿ ಉಂಗುರ ಕಂಡರೆ ಅದು ಬ್ಯಾಟರಿ. ವಾಂತಿ ಮಾಡಿಸಬಾರದು. ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಸಾಧ್ಯವಿದ್ದರೆ ಆಸ್ಪತ್ರೆಯ ದಾರಿಯಲ್ಲೇ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಅಂದರೆ 10 ಮಿಲಿಲೀಟರ್ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಅದು ಬಿಲ್ಲೆಗೆ ಲೇಪವಾಗಿ ಸುಡುವಿಕೆಯನ್ನು ನಿಧಾನಿಸುತ್ತದೆ, ಅಷ್ಟೇ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡುವುದು ತಪ್ಪು. ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಮೂಗು, ಕಿವಿಯಲ್ಲಿ ಸಿಕ್ಕ ಬ್ಯಾಟರಿಯೂ ಇಷ್ಟೇ ತುರ್ತು. ಉಪಕರಣ ಕೊಳ್ಳುವಾಗ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಇಲ್ಲದಿದ್ದರೆ ಗಟ್ಟಿ ಟೇಪು ಸುತ್ತಿ. ಎರಡು ಅಥವಾ ಹೆಚ್ಚು ಪುಟ್ಟ ಶಕ್ತಿಶಾಲಿ ಅಯಸ್ಕಾಂತಗಳನ್ನು ನುಂಗಿದರೂ ಕಾಯಬಾರದು. ಕರುಳಿನ ಎರಡು ಮಡಿಕೆಗಳ ನಡುವೆ ಅವು ಒಂದನ್ನೊಂದು ಸೆಳೆದು ತೂತು ಮಾಡುತ್ತವೆ.

ವಿಷದ ಮಾತಿಗೆ ಬಂದರೆ, ನಮ್ಮ ಕಣ್ಣಿಗೆ ದೊಡ್ಡ ತಪ್ಪು ಕಾಣುವುದು ಬಾಟಲಿಯಲ್ಲಿ. ಸೀಮೆಎಣ್ಣೆ, ಥಿನ್ನರ್, ಫಿನಾಯಿಲ್, ಆಸಿಡ್ ಇವನ್ನು ತಂಪುಪಾನೀಯದ ಖಾಲಿ ಬಾಟಲಿಗೆ ತುಂಬಿಡುವುದು ಇಂದೇ ನಿಲ್ಲಬೇಕು. ಮಗು ಬಾಟಲಿಯ ಆಕಾರ ನೋಡಿ ಕುಡಿಯುತ್ತದೆ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಆಸಿಡ್ ಆದರೆ ಹೋದ ದಾರಿಯನ್ನೇ ಬರುವಾಗ ಮತ್ತೊಮ್ಮೆ ಸುಡುತ್ತದೆ. ಉಪ್ಪುನೀರು ಕುಡಿಸುವುದಂತೂ ಸ್ವತಃ ವಿಷ. ಬಾಟಲಿಯನ್ನು ಜೊತೆಗೇ ಒಯ್ದು ವೈದ್ಯರಿಗೆ ತೋರಿಸಿ.

ಔಷಧದ ಡಬ್ಬಿಯ ‘ಒತ್ತಿ ತಿರುಗಿಸುವ’ ಮುಚ್ಚಳವನ್ನು ಮಕ್ಕಳಿಂದ ತೆರೆಯಲಾಗದೆಂದು ಪೋಷಕರು ಪೂರ್ತಿ ನಂಬುತ್ತಾರೆ. ಅದರ ಪರೀಕ್ಷೆ ಹೀಗಿರುತ್ತದೆ: 42ರಿಂದ 51 ತಿಂಗಳ ಮಕ್ಕಳ ಕೈಗೆ ಡಬ್ಬಿ ಕೊಟ್ಟು, ನಡುವೆ ತೆರೆಯುವುದನ್ನು ತೋರಿಸಿ, ಒಟ್ಟು ಹತ್ತು ನಿಮಿಷದಲ್ಲಿ ನೂರರಲ್ಲಿ 80 ಮಕ್ಕಳು ಸೋತರೆ ಮುಚ್ಚಳ ಪಾಸು. ಉಳಿದ 20 ಮಕ್ಕಳು ತೆರೆದರೂ ಪಾಸೇ. ಆ ಮುಚ್ಚಳ ಕೊಡುವುದು ಕೆಲವು ನಿಮಿಷಗಳ ಬಿಡುವು ಮಾತ್ರ, ಬೀಗ ಹಾಕಿದ ಎತ್ತರದ ಕಪಾಟು ಆಮೇಲೂ ಬೇಕೇ ಬೇಕು. ಅಜ್ಜ ಅಜ್ಜಿಯರ ವಾರದ ಮಾತ್ರೆಗಳ ಡಬ್ಬಿಗೆ ಇಂಥ ಮುಚ್ಚಳವೂ ಇರುವುದಿಲ್ಲ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಕೆಲವು ಮಾತ್ರೆಗಳಲ್ಲಿ ಒಂದೆರಡೇ ಪುಟ್ಟ ಮಗುವಿನ ಜೀವಕ್ಕೆ ಎರವಾಗಬಲ್ಲವು. ತಾಯಂದಿರು ನುಂಗುವ ಕಬ್ಬಿಣದ ಮಾತ್ರೆ ಕೂಡ ಹಾಗೆಯೇ ಅಪಾಯ, ಮೇಲಾಗಿ ಅದು ನೋಡಲು ಮಿಠಾಯಿಯಂತಿರುತ್ತದೆ. ಔಷಧ ಕುಡಿಸುವಾಗ ‘ಚಾಕೊಲೇಟ್’ ಎಂದು ಪುಸಲಾಯಿಸುವ ರೂಢಿ ಬಿಡಿ. ಕರ್ಪೂರ, ನುಸಿಗುಳಿಗೆಗಳೂ ಬೀಗದೊಳಗೇ ಇರಬೇಕಾದ ವಸ್ತುಗಳು.

ಬೀಳುವುದನ್ನು ಪೂರ್ತಿ ತಡೆಯಲಾಗದು, ತಡೆಯಲೂ ಬಾರದು. ಮಗು ಬಿದ್ದೆದ್ದೇ ನಡಿಗೆ ಕಲಿಯುತ್ತದೆ. ತಡೆಯಬೇಕಾದ್ದು ಎತ್ತರದಿಂದ ಬೀಳುವುದನ್ನು ಮತ್ತು ಮೈಮೇಲೆ ಭಾರ ಬೀಳುವುದನ್ನು. ಕಿಟಕಿ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿ, ಬಾಲ್ಕನಿಯ ಸರಳುಗಳ ನಡುವಿನ ಸಂದೂ ಅದಕ್ಕಿಂತ ಕಿರಿದಾಗಿರಲಿ. ದೇಹ ನುಸುಳಿದಲ್ಲಿ ತಲೆ ಸಿಕ್ಕಿ ನೇತಾಡುವ ಅಪಾಯವೂ ಇದೆ. ಅಡ್ಡ ಸರಳುಗಳಿದ್ದರೆ ಅವೇ ಏಣಿ. ಸೊಳ್ಳೆಪರದೆ ಸೊಳ್ಳೆಯನ್ನಷ್ಟೇ ತಡೆಯುತ್ತದೆ. ಕಿಟಕಿಯ ಕೆಳಗೆ ಮಂಚ, ಸೋಫಾ ಬೇಡ. ಬೆಂಕಿ ಬಿದ್ದಾಗ ದೊಡ್ಡವರು ಒಳಗಿನಿಂದ ತೆರೆಯಬಲ್ಲ ಸರಳು ಒಂದಾದರೂ ಇರಲಿ.

ಡ್ರಾಯರುಗಳಿರುವ ಕಪಾಟಿನ ಎರಡು ಮೂರು ಡ್ರಾಯರ್ ಎಳೆದು ಮೆಟ್ಟಿಲಾಗಿಸಿಕೊಂಡು ಮಗು ಹತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಕಪಾಟೇ ಮಗುಚುತ್ತದೆ. ಮೇಲೆ ಟಿವಿ ಇದ್ದರೆ ಅದೂ ಜೊತೆಗೆ. ಕಪಾಟಿನ ಮೇಲಂಚಿನಲ್ಲಿ ಎರಡು ಕಡೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಇಟ್ಟು ಗೋಡೆಗೆ ಬಿಗಿಯಬೇಕು. ಇಟ್ಟಿಗೆ ಗೋಡೆಯಾದರೆ ತೂತು ಕೊರೆದು ಪ್ಲಗ್ ಹಾಕಿಯೇ ಸ್ಕ್ರೂ ತಿರುಗಿಸಬೇಕು, ಬರೀ ಗಾರೆಗೆ ಹೊಡೆದ ಮೊಳೆ ಕಿತ್ತು ಬರುತ್ತದೆ. ಸ್ಕ್ರೂ ಕಪಾಟಿನ ತೆಳು ಹಿಂಬದಿಗಲ್ಲ, ಗಟ್ಟಿ ಚೌಕಟ್ಟಿಗೆ ಹೋಗಬೇಕು. ಭಾರದ ವಸ್ತುಗಳು ಕೆಳಗಿನ ಡ್ರಾಯರಿನಲ್ಲಿರಲಿ. ಚಕ್ರದ ಬೇಬಿ ವಾಕರ್ ನಡಿಗೆ ಬೇಗ ಕಲಿಸುವುದಿಲ್ಲ. ಮಗುವಿಗೆ ಅದು ಕೊಡುವುದು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ ಮತ್ತು ಒಲೆಗೆ ಎಟಕುವ ಎತ್ತರ. ಪಕ್ಕದಲ್ಲೇ ನಿಂತಿದ್ದರೂ ಹಿಡಿಯಲಾಗುವುದಿಲ್ಲ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿತು.

ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಎಂಸಿಬಿ (ವಿದ್ಯುತ್ ಹೊರೆ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಅಥವಾ ಫ್ಯೂಸ್ ಇದೆಯೆಂದರೆ ಮಗುವಿಗೆ ಶಾಕ್ ಹೊಡೆಯದೆಂದಲ್ಲ. ಅವು ಕಾಯುವುದು ತಂತಿಯನ್ನು, 16 ಆಂಪಿಯರ್‌ನಂಥ ಪ್ರಮಾಣ ಮೀರಿದಾಗ. ಜೀವ ಕಾಯುವುದು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್. ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು. ಪರದೆಯ ದಾರದ ಕುಣಿಕೆಗಳನ್ನು ಕತ್ತರಿಸಿ, ಮಗುವಿಗೆ ಎಟಕದಂತೆ ಒಂದೂವರೆ ಮೀಟರ್ ಮೇಲೆ ಕಟ್ಟಿ. ಹಸುಗೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ದಿಂಬು ಮೆತ್ತನೆಯ ಹೊದಿಕೆಗಳಿಲ್ಲದೆ ಮಲಗಿಸಿ.

ಇನ್ನು ಕಲಿಸುವ ಬಗೆ. ಸಭಾಂಗಣದ ಭಾಷಣ, ಕರಪತ್ರ, ಗಾಯಗಳ ಭಯಂಕರ ಚಿತ್ರ ಇವುಗಳಿಂದ ಪೋಷಕರು ಹೆದರುತ್ತಾರೆಯೇ ಹೊರತು ಮನೆಗೆ ಹೋಗಿ ಒಂದು ಸ್ಕ್ರೂ ಕೂಡ ತಿರುಗಿಸುವುದಿಲ್ಲ. ಹನ್ನೆರಡು ಜನರ ಗುಂಪು, ನಡುವೆ ಗೊಂಬೆ, ಕಪಾಟಿನ ಚಿಲಕ, ಸ್ಕ್ರೂಡ್ರೈವರ್ ಇಟ್ಟುಕೊಂಡು ಪ್ರತಿಯೊಬ್ಬರೂ ಕೈಯಾರೆ ಮಾಡುವ ಒಂದು ಗಂಟೆ ಸಾಕು. ಚಿಲಕ, ಪಟ್ಟಿಗಳನ್ನು ಕೊಟ್ಟೇ ಕಳಿಸಬೇಕು. ಬಾಡಿಗೆ ಮನೆಯವರಿಗೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಆ ಪತ್ರವನ್ನೂ ಅಲ್ಲೇ ಬರೆಸಿಕೊಡಬಹುದು. ತಾಯಂದಿರನ್ನು ಮಾತ್ರ ಕರೆಯುವ ಪದ್ಧತಿ ಹೋಗಲಿ. ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿ, ಚಿಕ್ಕಮ್ಮ, ಕೆಲಸದವರು ಮತ್ತು ಡ್ರಿಲ್ ಹಿಡಿಯುವ ತಂದೆ, ಎಲ್ಲರೂ ಬರಬೇಕು.

ಪತ್ರಿಕೆಗಳಲ್ಲೂ ಒಂದು ಕೋರಿಕೆ. ‘ಆಟವಾಡುತ್ತಿದ್ದ ಮಗು ಆಕಸ್ಮಿಕವಾಗಿ ಬಿದ್ದು ಸಾವು’ ಎಂಬಲ್ಲಿಗೆ ಸುದ್ದಿ ನಿಲ್ಲದಿರಲಿ. ಕುಟುಂಬದ ಗುರುತು ಬಿಟ್ಟುಕೊಡದೆ, ಬಕೆಟ್ಟಿನಲ್ಲಿ ಎಷ್ಟು ನೀರಿತ್ತು, ಸರಳುಗಳ ಸಂದು ಎಷ್ಟಿತ್ತು, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇತ್ತೇ ಎಂದು ಎರಡು ಸಾಲು ಸೇರಿಸಿ. ಅಂಥದೇ ಬಕೆಟ್, ಅಂಥದೇ ಸರಳು ಇರುವ ಮನೆಯವರು ಅಂದೇ ಸಂಜೆ ಅದನ್ನು ಸರಿಪಡಿಸಲು ಆ ಎರಡು ಸಾಲು ಬೇಕು. ತರಬೇತಿ ನಡೆಸುವವರು ಎಷ್ಟು ಜನ ಬಂದರೆಂದು ವರದಿ ಬರೆಯುವ ಬದಲು, ತಿಂಗಳ ನಂತರ ಆ ಮನೆಗಳಿಗೆ ಹೋಗಿ ಎಷ್ಟು ಕಪಾಟು ಗೋಡೆಗೆ ಬಿಗಿದಿವೆ, ಎಷ್ಟು ಗೀಸರ್ 50ರ ಕೆಳಗಿವೆ, ಎಷ್ಟು ಬಕೆಟ್ ಬೋರಲಾಗಿವೆ ಎಂದು ಎಣಿಸಿ ಬರಲಿ.

ಇಂತಿ,
ಮಕ್ಕಳ ಸುರಕ್ಷತಾ ತರಬೇತಿಯಲ್ಲಿ ತೊಡಗಿರುವವರು